ಬಲಕ್ಕೆ ತಿರುಗದ ರೈಲು

ಹೊಸ ಹಳಿಯ ಮೇಲೆ ರೈಲು ತಿರುಗಿದಾಗ ಬಂದ ಸದ್ದು ಬೆಳಗಿನಿಂದ ಅವಳ ತಲೆಯೊಳಗೆ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಕೂತುಬಿಟ್ಟಿತ್ತು. ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ, ತಳ್ಳಿ ನೋಡುತ್ತದೆ, ಬರುವುದಿಲ್ಲ, ಸುಮ್ಮನಾಗುತ್ತದೆ, ಮತ್ತೆ ಹೋಗುತ್ತದೆ. ಹಾಗೆಂದು ಅವಳು ಬೇಸರದಲ್ಲೇನೂ ಇರಲಿಲ್ಲ. ಬೇಸರಪಡುವ ದಿನವೇ ಅಲ್ಲ ಇದು. ಚಹಾದ ಲೋಟ ಹಿಡಿದು ಶೆಡ್ಡಿನ ಮೆಟ್ಟಿಲ ಮೇಲೆ ನಿಂತರೆ ಇಡೀ ಪಾರ್ಕು ಕಾಣುತ್ತಿತ್ತು. ತಿರುಗುವ ಕುದುರೆಗಳ ಚಾವಣಿ, ಬಣ್ಣದ ಕೋಟೆ, ಕೊಳ, ಇವೆಲ್ಲವನ್ನೂ ಸೆರಗಿಗೆ ಅಂಚು ಹಾಕಿದ ಹಾಗೆ ಸುತ್ತಿಬರುವ ಪುಟ್ಟ ರೈಲಿನ ಹಳಿ. ಸುತ್ತಿನ ಆಚೆ ತುದಿಯಲ್ಲಿ ಮಾತ್ರ ಯಾರೋ ಕಚ್ಚಿ ತಿಂದ ಹಾಗೆ ಒಂದು ದೊಡ್ಡ ಗುಂಡಿ. ಹೊಸ ಆಟವೊಂದಕ್ಕೆ ಅಡಿಪಾಯ ತೋಡುತ್ತಿದ್ದರು. ಗುಂಡಿಯ ಸುತ್ತ ನೀಲಿ ತಗಡಿನ ಗೋಡೆ, ಗೋಡೆಯ ಮೇಲೆ ಕ್ರೇನಿನ ಕತ್ತು, ಒಳಗೆ ದಿನವಿಡೀ ಹೊಟ್ಟೆ ತಿರುಗಿಸುವ ಕಾಂಕ್ರೀಟು ಲಾರಿಗಳು. ಅಗಲವಾಗುತ್ತಿದ್ದ ಗುಂಡಿ ಇನ್ನೇನು ಹಳೆಯ ಹಳಿಯನ್ನೂ ನುಂಗಲಿತ್ತು. ಆದರೆ ಆ ನೀಲಿ ಗೋಡೆಯನ್ನು ಬಳಸಿಕೊಂಡು, ಇನ್ನೂ ಧೂಳು ಕೂರದ ಜಲ್ಲಿಯ ಮೇಲೆ, ಹೊಸ ಹಳಿಯ ಬಳಸುದಾರಿಯೊಂದು ಹೊರಕ್ಕೆ ಹೋಗಿ ಒಳಕ್ಕೆ ಬರುತ್ತಿತ್ತು. ಅದು ಅವಳದು. ನಕ್ಷೆ ಅವಳದು, ಲೆಕ್ಕ ಅವಳದು. ಜಲ್ಲಿ ಹಾಸುವವರ ಜೊತೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಹಳಿಯ ಬಾಗು ದಾರ ಎಳೆದ ಹಾಗೆ ಬಂದಿದೆಯೇ ಎಂದು ನೋಡಿದವಳು ಅವಳು. ಪಾರ್ಕಿನಲ್ಲಿ ಅವಳಿಗಿದ್ದ ಹೆಸರೇ ಹಳಿ ಮೇಡಮ್. ಮೊದಮೊದಲು ಹಿಂದಿನಿಂದ ಕರೆಯುತ್ತಿದ್ದರು. ಈಗ ಎದುರಿಗೇ ಕರೆಯುತ್ತಾರೆ.

ದೂರದಿಂದ ನೋಡಿದರೆ ಬಳಸುದಾರಿ ಸುಲಭವಾಗಿ ಕಾಣುತ್ತಿತ್ತು. ಕಷ್ಟಪಟ್ಟು ಮಾಡಿದ್ದು ಸುಲಭವಾಗಿ ಕಾಣುವುದರಲ್ಲೇ ಅವಳಿಗೊಂದು ಗುಟ್ಟಿನ ಸಂತೋಷ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗಲೂ ಅಷ್ಟೆ, ಉತ್ತರ ಬಂದಮೇಲೆ ಹೊಡೆದುಹಾಕಿದ ಸಾಲುಗಳನ್ನೆಲ್ಲ ಬಿಟ್ಟು ಹೊಸ ಹಾಳೆಯ ಮೇಲೆ ಮುತ್ತಿನಂತೆ ಬರೆದು ಕೊಡುತ್ತಿದ್ದಳು. ಹೊಡೆದುಹಾಕಿದ್ದನ್ನೂ ತೋರಿಸು, ನೀನು ಎಲ್ಲಿ ಎಡವಿದೆ ಅಂತ ನನಗೆ ಗೊತ್ತಾಗಲಿ ಎಂದು ಅಧ್ಯಾಪಕರು ಹೇಳಿದರೆ ಮುಖ ಕೆಂಪಾಗುತ್ತಿತ್ತು. ಎಡವಿದ್ದನ್ನು ಯಾಕೆ ತೋರಿಸಬೇಕು? ಗುಂಡಿಯ ಸುದ್ದಿ ಬಂದ ದಿನದ ಮೀಟಿಂಗಿನಲ್ಲೂ ಹಾಗೆಯೇ ಮುಖ ಕೆಂಪಾಗಿತ್ತು. ಮ್ಯಾನೇಜರ್ ಕೆಟ್ಟವನಲ್ಲ, ಅಚ್ಚುಕಟ್ಟಿನ ಮನುಷ್ಯ, ಕೆಸರಿನ ನಡುವೆ ಓಡಾಡಿದರೂ ಬೂಟಿಗೆ ಕೆಸರು ತಗುಲಿಸಿಕೊಳ್ಳುತ್ತಿರಲಿಲ್ಲ. ಆತ ಹೇಳಿದ್ದು ಇಷ್ಟೆ: "ಗುಂಡಿ ಮುಚ್ಚೋ ತನಕ ರೈಲು ನಿಲ್ಲಿಸೋಣ. ಆಮೇಲೆ ನೋಡೋಣ." ಆಮೇಲೆ ನೋಡೋಣ ಎಂಬ ಮಾತಿನ ಅರ್ಥ ಅವಳಿಗೆ ಗೊತ್ತಿತ್ತು. ಕೊಳದ ದೋಣಿಗಳನ್ನು ನಿಲ್ಲಿಸಿದ ದಿನವೂ ಅದೇ ಮಾತು ಹೇಳಿದ್ದರು. ಆ ದೋಣಿಗಳು ಈಗ ಶೆಡ್ಡಿನ ಹಿಂದೆ ಬೋರಲು ಬಿದ್ದಿವೆ, ಒಳಗೆ ಬೆಕ್ಕು ಮರಿ ಹಾಕಿದೆ. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ನಗುತ್ತ, "ಇಲ್ಲಾಂದ್ರೆ ಒಂದು ಕೆಲಸ ಮಾಡಿ ಮೇಡಮ್. ಗುಂಡಿ ತನಕ ಹೋಗ್ಲಿ, ನೋಡ್ಲಿ, ಹೆದರಿದ ಕತ್ತೆ ತರ ಹಿಂದಕ್ಕೆ ಬರ್ಲಿ," ಎಂದಿದ್ದ. ಮೇಜಿನ ಸುತ್ತ ಎಲ್ಲರೂ ನಕ್ಕರು. ನೀರಿನ ಲೋಟಗಳೂ ನಕ್ಕಂತೆ ಅವಳಿಗೆ ಕಂಡಿತ್ತು. ಎದ್ದು ನಿಂತಳು, ನಿಲ್ಲಬೇಕಾಗಿರಲಿಲ್ಲ, ಅಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. "ನನ್ನ ರೈಲು ಹಿಂದಕ್ಕೆ ನಡೆಯೋದಿಲ್ಲ ಸಾರ್. ಒಂದು ದಿನಾನೂ ನಿಲ್ಲೋದೂ ಇಲ್ಲ. ಗುಂಡಿ ಸುತ್ತ ದಾರಿ ಮಾಡ್ತೀನಿ." ನನ್ನ ರೈಲು ಎಂದುದಕ್ಕೆ ಯಾರೋ ಕೆಮ್ಮಿದರು. ಮ್ಯಾನೇಜರ್ ಮಾತ್ರ ನಗು ನಿಲ್ಲಿಸಿ ಅವಳನ್ನೇ ನೋಡಿ, "ಸರಿ. ಮಾಡಿ. ಆದ್ರೆ ನಿಂತ ದಿನ ಶೆಡ್ಡಿನ ಬೀಗದ ಕೈ ನನ್ನ ಟೇಬಲ್ ಮೇಲಿರ್ಬೇಕು," ಎಂದ. ಅಂದಿನಿಂದ ಇಂದಿನವರೆಗೆ ರೈಲು ಓಡಿತು. ಹಗಲು ಹಳೆಯ ಹಳಿಯ ಮೇಲೆ ಜನರನ್ನು ಹೊತ್ತು ಓಡಿತು, ಅದರ ಪಕ್ಕದಲ್ಲೇ ಬಳಸುದಾರಿ ಮೊಳಮೊಳವಾಗಿ ಬೆಳೆಯಿತು, ನಿನ್ನೆ ಸಂಜೆ ಗೇಟು ಮುಚ್ಚಿದ ಮೇಲೆ ಹಳೆಯದನ್ನು ಕತ್ತರಿಸಿ ಹೊಸದನ್ನು ಜೋಡಿಸಿದರು. ಒಂದೇ ಒಂದು ಸುತ್ತೂ ತಪ್ಪಿರಲಿಲ್ಲ.

ಗೇಟಿನ ಬಳಿಯ ಸ್ಟೇಷನ್ನಿಗೆ ಅವಳು ಬಂದಾಗ ಅಮ್ಮ ಆಗಲೇ ಬಂದು ಟಿಕೆಟ್ ಕಿಟಕಿಗೆ ಮೊಣಕೈ ಊರಿ ಒಳಗಿನ ಹುಡುಗಿಯ ಜೊತೆ ಹರಟುತ್ತಿದ್ದಳು. ಆ ಕಿಟಕಿಯ ಒಳಗಡೆ ಅಮ್ಮ ಆಯುಷ್ಯದ ಅರ್ಧ ಕೂತಿದ್ದವಳು. ಹೊರಗಡೆಯಿಂದ ಮೊಣಕೈ ಊರುವುದು ಈಗಲೂ ಅವಳಿಗೆ ಒಗ್ಗುತ್ತಿರಲಿಲ್ಲ, ಮಾತಿನ ನಡುವೆ ಬೆರಳು ತಾನಾಗಿಯೇ ಚಿಲ್ಲರೆಯ ಡಬ್ಬಿ ಹುಡುಕುತ್ತಿತ್ತು. ಮಗಳನ್ನು ಕಂಡವಳೇ ಮೇಲಿನಿಂದ ಕೆಳಗೆ ನೋಡಿದಳು.

"ಇವತ್ತಾದ್ರೂ ಒಂದು ಒಳ್ಳೆ ಬಟ್ಟೆ ಹಾಕ್ಕೋಬಾರ್ದಿತ್ತೇನೇ? ಮಂಡಿ ನೋಡು, ಎಣ್ಣೆ ಒರೆಸೋ ಬಟ್ಟೆ ಆಗಿದೆ."

"ಅಮ್ಮಾ, ನಾನು ಮದುಮಗಳಲ್ಲ."

"ಮದುಮಗಳು ರೈಲು. ನೀನು ಹೆಣ್ಣಿನ ಕಡೆಯವಳು. ಹೆಣ್ಣಿನ ಕಡೆಯವರು ಹೀಗೆ ಬಂದ್ರೆ ಮರ್ಯಾದೆ ಏನು ಉಳೀತು?"

ಒಳಗಿನ ಹುಡುಗಿ ಕಿಸಕ್ಕನೆ ನಕ್ಕಳು. "ಟಿಕೆಟ್ ಬೇಡ ಅಂದ್ರೂ ಕೇಳ್ತಿಲ್ಲ ಮೇಡಮ್, ನಿಮ್ಮಮ್ಮ."

"ಪುಕ್ಕಟೆ ಕೂತ್ರೆ ಅದು ಸವಾರಿ ಅಲ್ಲ ಕಣೇ, ಲಿಫ್ಟು," ಎಂದು ಅಮ್ಮ ಟಿಕೆಟನ್ನು ಮಡಚಿ ಚೀಲದ ಒಳಜೇಬಿಗೆ ಹಾಕಿಕೊಂಡಳು. ನಂತರ ಮಗಳ ಕಡೆ ನೋಡದೆ, ಪ್ಲಾಟ್‌ಫಾರಮ್ಮಿನ ತುದಿಯ ಕಡೆ ನೋಡುತ್ತ, "ಇದು ಹೋಗ್ಲಿ. ನಾನು ಮುಂದಿನ ಸುತ್ತಿಗೆ ಬರ್ತೀನಿ. ಕೊನೇ ಡಬ್ಬೀಲಿ ಕೂರ್ತೀನಿ, ಅಲ್ಲಿಂದ ಇಡೀ ಗಾಡಿ ತಿರುಗೋದು ಕಾಣುತ್ತೆ," ಎಂದಳು. ಅಷ್ಟೆ. ಅದಕ್ಕಿಂತ ಹೆಚ್ಚಿನದನ್ನು ಅಮ್ಮ ಯಾವತ್ತೂ ಹೇಳಿದವಳಲ್ಲ. ಶಾಲೆಯ ಬಹುಮಾನ ತಂದಾಗ ಹಿಂದುಮುಂದು ತಿರುಗಿಸಿ ನೋಡಿ ಕಪಾಟಿನ ಮೇಲಿಟ್ಟಿದ್ದಳು. ಪದವಿ ಬಂದಾಗ ಅದನ್ನೂ ಹಾಗೆಯೇ. ಆದರೆ ಅವೆರಡನ್ನೂ ದಿನಾ ಒರೆಸುತ್ತಾಳೆ ಎಂಬುದು ಮಗಳಿಗೆ ಗೊತ್ತಿತ್ತು. ಅಮ್ಮನ ಹೊಗಳಿಕೆ ಇದ್ದದ್ದು ಒರೆಸುವ ಬಟ್ಟೆಯಲ್ಲಿ.

ರೈಲು ಕೂಗಿ ಹೊರಟಿತು. ಐದು ಡಬ್ಬಿ, ಪ್ರತಿಯೊಂದರಲ್ಲೂ ತಲೆ, ಟೋಪಿ, ಕೈ, ಬಲೂನು. ಎಂಜಿನ್ನಿನ ಕಿಟಕಿಯಿಂದ ಡ್ರೈವರ್ ಎರಡು ಬೆರಳೆತ್ತಿ ಹಣೆಗೆ ಮುಟ್ಟಿಸಿದ. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು, ಅವನೂ ಎಲ್ಲರನ್ನೂ ಗದರಿಸುವ ಹಕ್ಕನ್ನು ಆ ಹೆಸರಿನ ಜೊತೆಗೇ ಪಡೆದುಕೊಂಡಿದ್ದ. ಅವಳು ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆಯತೊಡಗಿದಳು. ನಡೆಯಬೇಕಾದ ಕಾರಣ ಏನೂ ಇರಲಿಲ್ಲ. ಕಚೇರಿಯಲ್ಲಿ ಕೂತು ಕೇಳಬಹುದಿತ್ತು, ಇಲ್ಲವೇ ಕೇಳದೆಯೂ ಇರಬಹುದಿತ್ತು. ಹಳೆಯ ತಿರುವುಗಳಲ್ಲಿ ರೈಲು ಎಂದಿನಂತೆ ಎಡಕ್ಕೆ ಒರಗಿ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ ಸದ್ದಿಲ್ಲದೆ ಸಾಗಿತು. ಮರಗಳ ಹಿಂದೆ ಮರೆಯಾಯಿತು. ನೀಲಿ ತಗಡಿನ ಹತ್ತಿರ ಬಂದಿರಬೇಕು ಎಂದುಕೊಳ್ಳುವಷ್ಟರಲ್ಲಿ ಆ ಸದ್ದು ಬಂತು. ಗಾಜಿನ ಮೇಲೆ ಮೊಳೆ ಎಳೆದಂಥ ಕಿರಿಚು, ಅದರ ಕೊನೆಗೆ ಒಂದು ಸಣ್ಣ ಕುಲುಕು, ಮತ್ತೆ ಮೌನ. ಕಿರಿಚಿಗೆ ಹೆದರುವವಳಲ್ಲ ಅವಳು. ಹಳಿ ಹೊಸದಾದರೆ ಕಿರಿಚುತ್ತದೆ. ಬೆಳಗಿನ ಜಾವ ಖಾಲಿ ಡಬ್ಬಿಗಳನ್ನು ಮೊದಲ ಸಲ ಈ ದಾರಿಯಲ್ಲಿ ಎಳೆದಾಗ ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಹೊಸಾ ಚಪ್ಪಲಿ ಕಣಮ್ಮಾ, ಎರಡು ದಿನ ಕಚ್ಚುತ್ತೆ," ಎಂದು ಕೂಗಿದ್ದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಹೌದು, ಹೊಸ ಚಪ್ಪಲಿ, ಎಂದು ಅದೇ ಮಾತನ್ನು ತಾನೂ ಒಮ್ಮೆ ಹೇಳಿದಳು. ಹೇಳುವಾಗಲೇ ಒಳಗೆ ಯಾರೋ, ಕಿರಿಚು ಸರಿ, ಕುಲುಕು ಯಾಕೆ ಎಂದು ಕೇಳಿದ್ದರು. ಆ ಯಾರೋಗೆ ಅವಳು ಉತ್ತರ ಕೊಡಲಿಲ್ಲ. ಪೂರ್ವದಲ್ಲಿ ಬೆಳಕು ಹರಿಯುತ್ತಿತ್ತು, ಹಳಿ ಹೊಳೆಯುತ್ತಿತ್ತು, ಕೆಲಸದವರು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು, ಫಿಟ್ಟರ್ ತನ್ನ ಎಣ್ಣೆಕೈಯಿಂದ ಅವಳ ಕೈ ಕುಲುಕಿ, "ಗೆದ್ದುಬಿಟ್ರಿ ಮೇಡಮ್," ಎಂದಿದ್ದ. ಗೆದ್ದ ಮೇಲೆ ಕೇಳುವ ಪ್ರಶ್ನೆಯೇ ಅದು?

ಬಳಸುದಾರಿ ಬಲಕ್ಕೆ ಹೊರಳುವ ಜಾಗಕ್ಕೆ ಬಂದು ನಿಂತಾಗ ಫಿಟ್ಟರ್ ತಗಡಿನ ನೆರಳಲ್ಲಿ ಕೆಂಪು ಹಸಿರು ಬಾವುಟ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೊದಲ ದಿನ ಇಲ್ಲೊಬ್ಬರು ಇರಲಿ ಎಂದು ಅವಳೇ ಕೂರಿಸಿದ್ದು. ಅವನು ಏಳಲು ಹೋದ; ಕೂತಿರಿ ಎಂದು ಕೈ ಮಾಡಿ ಅವಳು ಹಳಿಯ ಬಳಿ ಕುಕ್ಕುರುಗಾಲಲ್ಲಿ ಕೂತಳು. ಹೊರಗಿನ ಹಳಿಯ ಒಳಮೈ ಉದ್ದಕ್ಕೂ ಬೆಳ್ಳಿಯ ಹುಡಿ ಸುರಿದಂತೆ ಕಬ್ಬಿಣದ ಪುಡಿ ಬಿದ್ದಿತ್ತು. ಇಷ್ಟು ನಿರೀಕ್ಷೆಯಲ್ಲೇ ಇತ್ತು. ಹೆಬ್ಬೆರಳಿನಿಂದ ಹಳಿಯ ತಲೆ ಒರೆಸಿದಳು. ಒಳ ಅಂಚಿನಿಂದ ಹೊರಟ ಒಂದು ಓರೆ ಗೆರೆ, ಉಗುರಿನಿಂದ ಗೀರಿದಷ್ಟು ಸಣ್ಣದು, ಹಳಿಯ ತಲೆಯ ಕಡೆಗೆ ಏರಿ, ಅರ್ಧದಲ್ಲಿ ಮನಸ್ಸು ಬದಲಿಸಿದ ಹಾಗೆ ಮತ್ತೆ ಒಳಕ್ಕೆ ಇಳಿದಿತ್ತು. ಅವಳ ಬೆರಳು ಆ ಗೆರೆಯ ಮೇಲೆ ಹೋಯಿತು, ಬಂತು, ಹೋಯಿತು. ಚಕ್ರದ ಅಂಚು ಹಳಿಯನ್ನು ತಬ್ಬಿಕೊಂಡು ಹೋಗಬೇಕು. ಇಲ್ಲಿ ಯಾವುದೋ ಒಂದು ಚಕ್ರ ಹಳಿಯ ಮೇಲೆ ಹತ್ತಲು ನೋಡಿದೆ. ಕುಲುಕು ಅಂದರೆ ಅದು ಹತ್ತಿ ಜಾರಿ ಇಳಿದ ಸದ್ದು. ಜಾರದೇ ಇದ್ದಿದ್ದರೆ? ಬೆಳಗಿನಿಂದ ಎಷ್ಟು ಸುತ್ತು, ಎಷ್ಟು ಟೋಪಿ, ಎಷ್ಟು ಬಲೂನು ಈ ಗೆರೆಯ ಮೇಲೆ ಹಾದುಹೋದವು. ಏನೂ ಆಗಲಿಲ್ಲ; ಆಗದೇ ಇದ್ದದ್ದರಲ್ಲಿ ಅವಳ ಪಾಲು ಏನೂ ಇರಲಿಲ್ಲ.

ಲೆಕ್ಕ ತಪ್ಪಿದೆಯೇ? ಕೂತಲ್ಲೇ ಮತ್ತೆ ಮಾಡಿದಳು, ಮನಸ್ಸಿನಲ್ಲೇ, ಪರೀಕ್ಷೆಯ ಕೊನೆಯ ಗಂಟೆ ಹೊಡೆಯುವ ಮುಂಚೆ ಮಾಡುವ ಹಾಗೆ. ತಿರುವಿನ ಬಾಗು ಸರಿ. ಹೊರಗಿನ ಹಳಿಯನ್ನು ಎತ್ತರಿಸಿದ್ದು ಸರಿ. ವೇಗ ಸರಿ. ಭಾರ? ಭಾರವನ್ನು ಊಹೆಗೆ ಬಿಟ್ಟಿರಲಿಲ್ಲ. ಜಲ್ಲಿ ಗಾಡಿಗಳಿಗೆ ಮರಳಿನ ಮೂಟೆ ತುಂಬಿ, ಜನ ತುಂಬಿದ ಡಬ್ಬಿಯಷ್ಟೇ ತೂಕ ಬರಿಸಿ, ಬಳಸುದಾರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಸಿದ್ದಳು. ಒಂದು ಕಿರಿಚಿಲ್ಲ, ಒಂದು ಕುಲುಕಿಲ್ಲ. ಡಬ್ಬಿಗಳನ್ನೇ ಯಾಕೆ ಎಳೆಸಲಿಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ತಯಾರಿತ್ತು: ಹಳಿ ಜೋಡಿಸಿದ್ದು ನಿನ್ನೆ, ಅಲ್ಲಿಯವರೆಗೆ ಡಬ್ಬಿಗಳು ದಿನಾ ಜನರನ್ನು ಹೊರುತ್ತಿದ್ದವು, ಒಂದು ದಿನವೂ ನಿಲ್ಲಿಸುವುದಿಲ್ಲ ಎಂದಿದ್ದೆನಲ್ಲ. ಜಲ್ಲಿ ಗಾಡಿಗೂ ಡಬ್ಬಿಗೂ ತೂಕ ಒಂದೇ ಆದಮೇಲೆ ವ್ಯತ್ಯಾಸ ಏನು? ಆಗ ಮರಗಳ ನಡುವಿನಿಂದ ರೈಲು ಮುಂದಿನ ಸುತ್ತಿಗೆ ಬರುವುದು ಕಾಣಿಸಿತು. ದೂರದ ಹಳೆಯ ತಿರುವಿನಲ್ಲಿ ಎಡಕ್ಕೆ ಒರಗಿ, ಬೆಳಕಿಗೆ ಬಂದು, ಮತ್ತೆ ಎಡಕ್ಕೆ. ಅದನ್ನು ನೋಡುತ್ತ ಅವಳು ಮತ್ತೆ ಪುಟ್ಟ ಹುಡುಗಿಯಾಗಿ ಟಿಕೆಟ್ ಕಿಟಕಿಯ ಕೆಳಗೆ, ಅಮ್ಮನ ಕಾಲಿನ ಬಳಿ, ನೆಲದ ಮೇಲೆ ಹಾಳೆ ಹರಡಿಕೊಂಡು ಕೂತಿದ್ದಳು. ಬಣ್ಣದ ಕಡ್ಡಿಯಿಂದ ರೈಲು ಬರೆಯುತ್ತಿದ್ದಳು. ಮೇಲಿನಿಂದ ಅಮ್ಮನ ದನಿ, ಮುಂದಿನವರು ಬನ್ನಿ, ಮುಂದಿನವರು. ಬರೆದ ರೈಲುಗಳೆಲ್ಲ ಒಂದೇ ಕಡೆಗೆ ಮುಖ ಮಾಡಿರುತ್ತಿದ್ದವು. ಇನ್ನೊಂದು ಕಡೆಗೆ ತಿರುಗಿಸಿ ಬರಿ ಎಂದು ಶಾಲೆಯಲ್ಲಿ ಹೇಳಿದಾಗ ಕೈಯೇ ಓಡದೆ ಅತ್ತಿದ್ದಳು. ರೈಲು ಆ ಕಡೆಯಿಂದ ಬಂದು ಈ ಕಡೆಗೆ ಹೋಗುವುದು, ಅಷ್ಟೆ. ಬೇರೆ ಥರ ಅವಳು ಕಂಡಿರಲೇ ಇಲ್ಲ. ಈ ರೈಲು ಹುಟ್ಟಿದಾಗಿನಿಂದ ಎಡಕ್ಕೇ ತಿರುಗಿದೆ. ಶೆಡ್ಡಿಗೆ ಹೋಗುವ ಕವಲೂ ಎಡಕ್ಕೇ. ಅದು ಬಲಕ್ಕೆ ತಿರುಗಿದ್ದು ಇವತ್ತು, ಮೊದಲ ಸಲ, ಅವಳು ಮಾಡಿದ ದಾರಿಯಲ್ಲಿ.

ಆಮೇಲೆ ಎಲ್ಲ ಒಟ್ಟಿಗೇ ಕಂಡಿತು. ಜಲ್ಲಿ ಗಾಡಿಗೆ ನಾಲ್ಕೇ ಚಕ್ರ, ಮೈಗೇ ಬಿಗಿದದ್ದು. ಎಂಜಿನ್ನಿನ ಚಕ್ರಗಳೂ ಹಾಗೆಯೇ. ಆದರೆ ಡಬ್ಬಿಯ ಕೆಳಗೆ ಮುಂದೊಂದು ಹಿಂದೊಂದು ಗಾಲಿಚೌಕಟ್ಟು ಇದೆ; ತಿರುವು ಬಂದಾಗ ಅದು ಡಬ್ಬಿಯ ಅಡಿಯಲ್ಲಿ ತಾನು ಮಾತ್ರ ಹೊರಳಿಕೊಂಡು, ಕಬ್ಬಿಣದ ಮಣೆಯ ಮೇಲೆ ಜಾರಿ, ಹಳಿಯ ಬಾಗಿಗೆ ಮೈ ಕೊಡುತ್ತದೆ. ಇಷ್ಟು ವರ್ಷ ಎಡತಿರುವಿಗೆಂದೇ ಹೊರಳಿ ಹೊರಳಿ ಆ ಮಣೆ ಒಂದು ಪಕ್ಕಕ್ಕೆ ಸವೆದು ಗುಳಿಬಿದ್ದಿರಬೇಕು. ಗುಳಿಯ ಅಂಚಿನಲ್ಲಿ ಸವೆಯದ ಕಬ್ಬಿಣ ಹೊಸ್ತಿಲಿನ ಹಾಗೆ ನಿಂತಿರಬೇಕು. ಬಲಕ್ಕೆ ತಿರುಗು ಎಂದರೆ ಚೌಕಟ್ಟಿಗೆ ಆ ಹೊಸ್ತಿಲು ದಾಟಲಾಗುವುದಿಲ್ಲ, ನೆಟ್ಟಗೇ ನಿಲ್ಲುತ್ತದೆ, ಹಳಿ ಬಾಗುತ್ತದೆ, ಚಕ್ರ ಬಾಗುವುದಿಲ್ಲ, ಚಕ್ರಕ್ಕೆ ಉಳಿಯುವುದು ಒಂದೇ, ಹತ್ತುವುದು. ಹಳಿಯನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಅಳೆದವಳು ಅದರ ಮೇಲೆ ನಡೆಯುವವರ ಕೀಲು ಮುಟ್ಟಿ ನೋಡಿರಲಿಲ್ಲ.

ರೈಲು ಹತ್ತಿರವಾಗುತ್ತಿತ್ತು. ಕೊನೆಯ ಡಬ್ಬಿಯಲ್ಲಿ ಅಮ್ಮ ಇರುತ್ತಾಳೆ, ಇಡೀ ಗಾಡಿ ತಿರುಗುವುದನ್ನು ನೋಡಲು ಕತ್ತು ಚಾಚಿರುತ್ತಾಳೆ. ನಿಲ್ಲಿಸಿದರೆ ಬೀಗದ ಕೈ. ಬೆಕ್ಕು ಮರಿ ಹಾಕಿದ ದೋಣಿಗಳು. ಬೆಳಗಿನಿಂದ ಜಾರಿ ಇಳಿದದ್ದು ಇನ್ನೊಮ್ಮೆ ಜಾರೀತು, ಸಂಜೆ ಗೇಟು ಮುಚ್ಚಿದ ಮೇಲೆ ನೋಡಿಕೊಳ್ಳಬಹುದು, ಯಾರಿಗೂ ತಿಳಿಯದ ಹಾಗೆ ಹೊಸ ಹಾಳೆಯ ಮೇಲೆ ಮುತ್ತಿನಂತೆ ಬರೆಯಬಹುದು ಎಂದು ಅವಳ ಒಳಗಿನ ಒಂದು ದನಿ ಹೇಳಿತು. ಆ ದನಿ ತನ್ನದೇ ಎಂದು ಗುರುತು ಸಿಕ್ಕಿದ್ದರಿಂದಲೇ ಅವಳಿಗೆ ಅಸಹ್ಯವಾಯಿತು. ಫಿಟ್ಟರ್‌ನ ಮಡಿಲಿನಿಂದ ಕೆಂಪು ಬಾವುಟ ಕಿತ್ತುಕೊಂಡು ಹಳಿಗಳ ನಡುವೆ ನಿಂತು ಎರಡೂ ಕೈಯಿಂದ ಎತ್ತಿ ಹಿಡಿದಳು. ದೊಡ್ಡಪ್ಪ ಏನೆಂದು ಕೇಳುವವನಲ್ಲ. ಕೆಂಪು ಅಂದರೆ ಕೆಂಪು. ಉಗಿ ಬಿಟ್ಟು, ಬ್ರೇಕು ಹಾಕಿ, ಬಲತಿರುವು ಶುರುವಾಗುವ ಮುಂಚೆಯೇ ಎಂಜಿನ್ನನ್ನು ಅವಳ ಮುಂದೆ ತಂದು, ಸಾಕಿದ ಪ್ರಾಣಿಯ ಹಾಗೆ, ನಿಲ್ಲಿಸಿದ. ಎಷ್ಟು ಚೆನ್ನಾಗಿ ನಿಲ್ಲಿಸಿದ ಎಂದರೆ ಡಬ್ಬಿಗಳಲ್ಲಿ ಒಂದು ಬಲೂನೂ ಅಲುಗಲಿಲ್ಲ. ಆ ಹೊತ್ತಿನಲ್ಲೂ ಅವಳೊಳಗೆ ಒಂದು ಹೆಮ್ಮೆ ಹಾದುಹೋಯಿತು.

ಚಕ್ರಗಳಿಗೆ ಮರದ ತುಂಡು ಒತ್ತುಕೊಡಿಸಿ, ದೊಡ್ಡಪ್ಪನ ಕೈ ಬ್ರೇಕಿನ ಮೇಲಿರುವಂತೆ ಹೇಳಿ, ಟಾರ್ಚು ಕಚ್ಚಿಕೊಂಡು ಅವಳು ಮೊದಲ ಡಬ್ಬಿಯ ಕೆಳಗೆ ನುಸುಳಿದಳು. ಜಲ್ಲಿ ಬೆನ್ನಿಗೆ ಚುಚ್ಚಿತು. ಮೇಲೆ ಮಕ್ಕಳ ಕಾಲು ದಡದಡ, "ಅಮ್ಮಾ, ಆ ಆಂಟಿ ಬಿದ್ದುಹೋದ್ರಾ?" ಅವಳ ಕಾಲು ಹೊರಗಡೆ, ಎಲ್ಲರಿಗೂ ಕಾಣುವ ಹಾಗೆ, ಎಣ್ಣೆಯ ಮಂಡಿಯ ಸಮೇತ. ಗ್ರೀಸಿನ ಮಸಿ ಒರೆಸಿದಾಗ ಮಣೆ ಹೊಳೆಯಿತು: ಹಂಸದ ಕತ್ತಿನಷ್ಟು ನಯವಾದ ಗುಳಿ, ಒಂದೇ ಪಕ್ಕಕ್ಕೆ, ಅದು ಮುಗಿಯುವಲ್ಲಿ ಹೊಸ್ತಿಲು, ಅದರ ಅಂಚಿನಲ್ಲಿ ಇವತ್ತಿನ ತಾಜಾ ಗಾಯ. ಅವಳು ಊಹಿಸಿದ್ದು ಹಾಗೆಯೇ ಇತ್ತು. ತಾನು ಸೋತದ್ದನ್ನು ನೋಡುತ್ತ, ಸರಿಯಾಗಿ ಊಹಿಸಿದೆನಲ್ಲ ಎಂಬ ಸಂತೋಷವೂ ಅಲ್ಲೇ ಪಕ್ಕದಲ್ಲಿ ಮಲಗಿತ್ತು. ಆಗ ಜಲ್ಲಿಯ ಮೇಲೆ ಎರಡು ಬೂಟು ಬಂದು ನಿಂತವು. ಒಂದಿಷ್ಟೂ ಕೆಸರಿರಲಿಲ್ಲ.

"ನಿಂತಿತಲ್ಲ ಮೇಡಮ್," ಎಂದವು ಬೂಟುಗಳು.

ಟಾರ್ಚು ಬಾಯಲ್ಲಿದ್ದುದರಿಂದ ಕೂಡಲೇ ಉತ್ತರ ಕೊಡಲಾಗಲಿಲ್ಲ. ಅದು ಒಳ್ಳೆಯದೇ ಆಯಿತು. ಬಾಯಿ ಖಾಲಿ ಇದ್ದಿದ್ದರೆ ಮೀಟಿಂಗಿನ ದಿನದ ಹಾಗೆ ಏನಾದರೂ ಹಾರಿಬರುತ್ತಿತ್ತು. ಮಲಗಿದ್ದಲ್ಲೇ ಕಣ್ಣು ಮುಚ್ಚಿ ಯೋಚಿಸಿದಳು. ಹಳೆಯ ಹಳಿ ಗೇಟಿನಿಂದ ಇಲ್ಲಿಯವರೆಗೆ ಎಲ್ಲೂ ಬಲಕ್ಕೆ ತಿರುಗುವುದಿಲ್ಲ. ಅದೇ ಹಳಿಯ ಮೇಲೆ ಹಿಂದಕ್ಕೆ ಹೋದರೂ ಹಳಿಯ ಬಾಗು ಅದೇ, ಡಬ್ಬಿಯ ಕೆಳಗಿನ ಹೊರಳೂ ಅದೇ. ಚೌಕಟ್ಟಿಗೆ ತಾನು ಹಿಂದೆ ಹೋಗುತ್ತಿದ್ದೇನೆಂದು ಗೊತ್ತೂ ಆಗುವುದಿಲ್ಲ. ಎಷ್ಟು ಸರಳ. ಎಷ್ಟು ಸರಳವೆಂದರೆ ಆವತ್ತು ತಮಾಷೆಗೆ ಒಬ್ಬರು ಹೇಳಿಬಿಟ್ಟಿದ್ದರು. ಟಾರ್ಚು ಆರಿಸಿ, ತೆವಳಿಕೊಂಡು ಹೊರಬಂದು, ಎದ್ದು ನಿಂತಳು. ಕೂದಲಲ್ಲಿ ಗ್ರೀಸು, ಕೆನ್ನೆಗೆ ಜಲ್ಲಿಯ ಧೂಳು.

"ನಿಂತಿಲ್ಲ ಸಾರ್. ಹಿಂದಕ್ಕೆ ಹೋಗುತ್ತೆ."

"ಏನಂದ್ರಿ?"

"ಇಲ್ಲೀ ತನಕ ಬರುತ್ತೆ, ಹಿಂದಕ್ಕೆ ಹೋಗುತ್ತೆ. ಡಬ್ಬಿಗಳ ಕೆಳಗೆ ತಿರುಗೋ ಜಾಗ ಒಂದು ಕಡೆಗೇ ಸವೆದಿದೆ. ಅದನ್ನ ನಾನು ಮೊದಲೇ ನೋಡ್ಬೇಕಿತ್ತು, ನೋಡ್ಲಿಲ್ಲ. ಒಂದೊಂದೇ ಡಬ್ಬಿ ಬಿಚ್ಚಿ ಸರಿ ಮಾಡ್ತೀವಿ. ಉಳಿದವು ಓಡ್ತಿರ್ತವೆ. ಎಲ್ಲಾ ಸರಿಯಾದ ಮೇಲೆ ಹೊಸ ದಾರಿ."

ಮ್ಯಾನೇಜರ್ ತಗಡಿನ ಗೋಡೆ ನೋಡಿದ, ಎಂಜಿನ್ ನೋಡಿದ, ಕತ್ತು ಚಾಚಿ ಕೇಳುತ್ತಿದ್ದ ಎರಡು ಡಬ್ಬಿ ಜನರನ್ನು ನೋಡಿದ. "ಅಂದ್ರೆ ಆವತ್ತು ನಾನು ಹೇಳಿದ ಹಾಗೆ."

ಗುಂಡಿಯೊಳಗಿನ ಲಾರಿ ಹೊಟ್ಟೆ ತಿರುಗಿಸುವುದನ್ನು ನಿಲ್ಲಿಸಿತ್ತು. "ಹೌದು ಸಾರ್," ಎಂದಳು. "ನೀವು ಹೇಳಿದ್ದೇ ಸರಿಯಿತ್ತು." ಟಾರ್ಚು ಜೇಬಿಗೆ ಹಾಕಿಕೊಂಡು, "ಕತ್ತೆ ಒಂದು ಬಿಟ್ಟು," ಎಂದಳು.

ಆತನ ತುಟಿ ಅಲುಗಿತು. ನಗಬೇಕೋ ಬೇಡವೋ ಎಂದು ತೀರ್ಮಾನವಾಗದೆ ಅಲ್ಲೇ ನಿಂತಿತು. ಒಂದು ಡಬ್ಬಿಯಿಂದ ಯಾರೋ, "ಹೋಗುತ್ತಾ ಇಲ್ವಾ ಸ್ವಾಮೀ?" ಎಂದು ಕೂಗಿದರು. ಆತ ಬೂಟಿನ ತುದಿಯಿಂದ ಒಂದು ಜಲ್ಲಿಕಲ್ಲನ್ನು ಹಳಿಯ ಪಕ್ಕಕ್ಕೆ ಸರಿಸಿ, "ಹಿಂದಕ್ಕೆ ಹೋಗೋವಾಗ ಡ್ರೈವರ್‌ಗೆ ದಾರಿ ಕಾಣಲ್ಲ. ಆ ತುದೀಲಿ ನೋಡಿಕೊಳ್ಳೋಕೆ ಯಾರು ನಿಲ್ತಾರೆ?" ಎಂದ.

"ನಾನು."

"ದಿನಾ?"

"ದಿನಾ."

ಆತ ಅವಳ ಕೂದಲಿನ ಗ್ರೀಸನ್ನೇ ನೋಡುತ್ತಿದ್ದ. "ಹಾಗಾದ್ರೆ ಹೋಗಿ ನಿಲ್ಲಿ. ಜನ ಕಾಯ್ತಿದ್ದಾರೆ," ಎಂದು ಹೇಳಿ, ಬಂದ ದಾರಿಯಲ್ಲಿ ಹೊರಟುಹೋದ. ಬೀಗದ ಕೈಯ ಮಾತು ಆತನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ರೈಲಿನ ಉದ್ದಕ್ಕೂ ನಡೆದು ಕೊನೆಯ ಡಬ್ಬಿಗೆ ಹೋಗುವುದು ಒಂದು ಸಣ್ಣ ಮೆರವಣಿಗೆಯೇ ಆಯಿತು. ಪ್ರತಿ ಕಿಟಕಿಯಿಂದಲೂ ಮುಖಗಳು ಅವಳ ಮಂಡಿ, ಕೆನ್ನೆ, ಕೂದಲು ನೋಡಿದವು. ಒಬ್ಬ ಹುಡುಗಿ ಅವಳಿಗೆ ಬಲೂನು ಕೊಡಲು ಬಂದಳು. ಕೊನೆಯ ಡಬ್ಬಿಯ ಹಿಂಬದಿಯ ಪುಟ್ಟ ಅಟ್ಟಣೆ ಹತ್ತಿ, ಸರಪಳಿ ಹಾಕಿಕೊಂಡು, ಒಂದು ಕೈಯಲ್ಲಿ ಬಾವುಟ, ಬಾಯಲ್ಲಿ ಸೀಟಿ ಹಿಡಿದು ನಿಂತಾಗ ಕೊನೆಯ ಬೆಂಚಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡಿದ್ದ ಅಮ್ಮ ಅವಳ ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು. ಗಾಡಿ ತಿರುಗುವುದನ್ನು ನೋಡಲು ಬಂದಿದ್ದಳು ಅಮ್ಮ, ಗಾಡಿ ತಿರುಗಲಿಲ್ಲ. ಅವಳು ಅಮ್ಮನ ಕಡೆ ನೋಡದೆ ಸೀಟಿ ಊದಿದಳು. ದೂರದ ಎಂಜಿನ್ ಒಮ್ಮೆ ಕೂಗಿ ಉತ್ತರ ಕೊಟ್ಟಿತು. ಬೆನ್ನ ಹಿಂದಿನಿಂದ ಡಬ್ಬಿಗಳು ಒಂದಕ್ಕೊಂದು ಭುಜ ತಾಗಿಸುತ್ತ ಬಂದು, ಅವಳನ್ನು ಮುಂದಿಟ್ಟುಕೊಂಡು, ಮೆಲ್ಲಗೆ ತಳ್ಳತೊಡಗಿದವು.

ಇಷ್ಟು ವರ್ಷ ಬಲ್ಲ ದಾರಿ ಎದುರಿನಿಂದ ಬರುತ್ತಿತ್ತು. ಮರಗಳಿಗೆ ಬೇರೆ ಮುಖವಿತ್ತು. ಕೋಟೆಯ ಹಿಂಭಾಗಕ್ಕೆ ಬಣ್ಣ ಹೊಡೆದೇ ಇರಲಿಲ್ಲ ಎಂಬುದು ಈಗ ಕಂಡಿತು. ಕೊಳದ ಬಳಿ ಕೂತಿದ್ದವರು ಎದ್ದು ನಿಂತು ಬೆರಳು ತೋರಿಸಿ ನಕ್ಕರು, ಅವರ ಮಕ್ಕಳು ಕೈ ಬೀಸಿದರು. ಬೆಳಗಿನಿಂದ ಗೆರೆಯ ಮೇಲೆ ಹಾದುಹೋದ ಟೋಪಿ ಬಲೂನುಗಳು ಇನ್ನು ಎಷ್ಟೋ ದಿನ ಅವಳ ಜೊತೆಗಿರುತ್ತವೆ, ಇರಲಿ. ಮೊದಲ ಹಳೆಯ ತಿರುವು ಬಂತು. ಅವಳ ಕಣ್ಣಿಗೆ ಹಳಿ ಬಲಕ್ಕೆ ಹೊರಳುತ್ತಿತ್ತು. ಮೈ ತಾನಾಗಿಯೇ ಬಿಗಿಯಾಯಿತು, ಕಿವಿ ಕೆಳಗಿಳಿದು ಚಕ್ರದ ಬಳಿ ಕೂತಿತು. ಆದರೆ ಕಾಲಿನಡಿಯ ಡಬ್ಬಿಗೆ ಅದು ಅದರ ಹಳೆಯ ಎಡವೇ ಆಗಿತ್ತು. ಕಿರಿಚಲಿಲ್ಲ, ಕುಲುಕಲಿಲ್ಲ, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ ಮೆಲ್ಲಗೆ ಒರಗಿ, ಅವಳನ್ನು ಬಲಕ್ಕೆ ಕರೆದೊಯ್ದಿತು. ಹಲ್ಲಿನ ಸಂದಿಯ ನಾರು ಯಾವಾಗ ಹೋಯಿತೋ ತಿಳಿಯಲಿಲ್ಲ.

ಪಕ್ಕದ ಬೆಂಚಿನಿಂದ ಒಬ್ಬ ಗಂಡಸು ಅಮ್ಮನನ್ನು ಕೇಳಿದ. "ಏನಮ್ಮಾ ಇದು, ರೈಲು ಹಿಂದಕ್ಕೆ ಹೋಗ್ತಿದೆಯಲ್ಲ?"

ಟಿಕೆಟ್ ಕಿಟಕಿಯಲ್ಲಿ ಕೂತು ಇಂಥ ಸಾವಿರ ಪ್ರಶ್ನೆ ಕಂಡವಳು ಅಮ್ಮ. "ಹಿಂದಕ್ಕೆಲ್ಲಿ? ನೋಡಿ, ಮುಂದೆ ನಿಂತು ನಡೆಸ್ತಿದ್ದಾಳಲ್ಲ," ಎಂದಳು. "ನೀವು ತಿರುಗಿ ಕೂತಿದ್ದೀರಿ, ಅಷ್ಟೆ."

ಇಡೀ ಡಬ್ಬಿ ನಕ್ಕಿತು. ಕೇಳಿದವನೂ ನಕ್ಕು, ನಿಜವಾಗಿಯೇ ಎದ್ದು ಈ ಕಡೆಗೆ ಮುಖ ಮಾಡಿ ಕೂತ. ಅವನನ್ನು ನೋಡಿ ಇನ್ನಿಬ್ಬರು, ಆಮೇಲೆ ಮಕ್ಕಳೆಲ್ಲ. ನಗೆ ಅಡಗುವಷ್ಟರಲ್ಲಿ ಅವಳ ಬೆನ್ನಿನ ಮೇಲೆ, ಜಲ್ಲಿಯ ಧೂಳು ಅಂಟಿದ್ದ ಕಡೆ, ಏನೋ ತಾಗಿತು. ಅಮ್ಮ ಚೀಲದಿಂದ ಕರವಸ್ತ್ರ ತೆಗೆದು ಒರೆಸುತ್ತಿದ್ದಳು. ಕಪಾಟಿನ ಮೇಲಿನದನ್ನು ಒರೆಸುವ ಹಾಗೆ, ಮೇಲಿನಿಂದ ಕೆಳಕ್ಕೆ, ಅಂಚಿನವರೆಗೆ.

"ನೆಟ್ಟಗೆ ನಿಂತ್ಕೋ," ಎಂದಳು ಮೆಲ್ಲಗೆ. "ಜನ ನೋಡ್ತಿದ್ದಾರೆ."

ಮುಂದಿನ ತಿರುವು ಬರುತ್ತಿತ್ತು. ಅವಳು ನೆಟ್ಟಗೆ ನಿಂತು ಸೀಟಿ ಊದಿದಳು.